ಹನ್ನೆರಡನೆಯ ಕೈ

ಹಾಲಮ್ಮ ಅಕ್ಕೋರ ಹಣೆಯ ಕುಂಕುಮ ಜಗಳೂರಿಗೇ ದೊಡ್ಡದು. ಹಳೆಯ ಬೆಳ್ಳಿ ರೂಪಾಯಿಯಷ್ಟು ಅಗಲ. ಮೇಣ ಹಚ್ಚಿ ಒತ್ತಿದ್ದು, ನಮ್ಮೂರ ಬಿಸಿಲಿಗೂ ಕದಲುತ್ತಿರಲಿಲ್ಲ. ಗಂಡನಿಲ್ಲದ ಮನೆಯವಳಿಗೆ ಇಷ್ಟು ಕುಂಕುಮ ಯಾಕೆ ಎಂದು ಯಾರಾದರೂ ಕಣ್ಣಲ್ಲಿ ಕೇಳಿದರೆ ಸಾಕು, ಇವರು ಬಾಯಲ್ಲಿ ಉತ್ತರ ಕೊಡುತ್ತಿದ್ದರು: "ನನ್ನ ಗಂಡ ಸತ್ತಿಲ್ರೀ. ಹೊನ್ನಾಳ್ಯಾಗೆ ಇನ್ನೊಬ್ಬಳನ್ನ ಕಟ್ಟಿಕೊಂಡು ಗುಂಡುಕಲ್ಲಿನಂಗೆ ಅದಾನೆ. ಅವನು ಇರೋತನಕ ಇದು ಇರ್ತೈತೆ. ಬಿಟ್ಟು ಬಂದಿದ್ದು ನಾನು, ಅವನಲ್ಲ. ಅದನ್ನೂ ನೆನಪಿಟ್ಟುಕೊಳ್ರಿ."

ನಾವಿಬ್ಬರೂ ಒಂದೇ ಮಿಡ್ಲ್‌ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆವು. ಅವರಿಗೆ ಐವತ್ತರ ಹತ್ತಿರ, ನನಗೆ ಇಪ್ಪತ್ತಾರು. ಸ್ಕೂಲು ಬಿಟ್ಟ ಮೇಲೆ ಅವರ ಮನೆಯ ಜಗಲಿಯ ತುಂಬ ಹೆಂಗಸರು. ಓದು ಬರಹ ಬಾರದ ಅವರಿಗೆಲ್ಲ ಅಕ್ಕೋರೇ ಕಾಗದ ಬರೆಯಬೇಕು. ದೂರದೂರಿಗೆ ದುಡಿಯಲು ಹೋದ ಗಂಡಂದಿರಿಗೆ, ತವರಿಗೆ, ತಾಲ್ಲೂಕು ಆಫೀಸಿಗೆ. ಪಕ್ಕದ ಸೊಕ್ಕೆ ಊರಿನಿಂದ ಬಸ್ಸು ಹತ್ತಿ ಬರುವವರೂ ಇದ್ದರು. ಅಕ್ಕೋರು ಬೈಯುತ್ತಲೇ ಬರೆಯುವರು. "ಅಷ್ಟು ಅಳಬ್ಯಾಡ, ಇಂಕು ಕದಡ್ತೈತೆ" ಎನ್ನುವರು.

ಈ ಹೆಂಗಸರನ್ನೇ ಕೂಡಿಸಿ ಅವರು ನಮ್ಮ ಓಣಿಗೊಂದು ಮಹಿಳಾ ಮಂಡಳಿ ಕಟ್ಟಿದ್ದರು. ಆಫೀಸುಗಳಿಗೆ ಅಲೆದಲೆದು ಎರಡು ಹೊಲಿಗೆ ಮೆಷಿನ್ ತಂದವರು ಅವರೇ, ಕೋಣೆ ಹಿಡಿದವರೂ ಅವರೇ. ಎಂಬತ್ತನೇ ಇಸವಿಯ ಬೇಸಿಗೆಯಲ್ಲಿ ಅಧ್ಯಕ್ಷರನ್ನು ಆರಿಸಬೇಕಾಯಿತು. ಅಕ್ಕೋರನ್ನು ಬಿಟ್ಟು ಬೇರೆ ಯಾರು ಆಗುತ್ತಾರೆ ಎಂದು ನಾವು ಅಂದುಕೊಂಡಿದ್ದರೆ, ಶೇಂಗಾ ಮಂಡಿಯ ಸಾಹುಕಾರ್ ತಿಪ್ಪಣ್ಣನವರು ತಮ್ಮ ಹೆಂಡತಿ ಗೌರಮ್ಮನನ್ನು ನಿಲ್ಲಿಸಿದರು. ಹೆಂಗಸರ ಸಭೆಗೆ ತಾವೂ ಬಂದು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕೈ ಎಣಿಸುವ ಮುಂಚೆ ಎದ್ದು ನಿಂತು ಹೇಳಿದರು: "ಗಂಡನ ಮನ್ಯಾಗೆ ನಾಕು ದಿನ ಬಾಳಾಕೆ ಆಗದೋಳು ಮಂಡಳಿ ಹೆಂಗೆ ನಡಸ್ತಾಳ್ರಮ್ಮ? ಇಂಥೋಳನ್ನ ಅಧ್ಯಕ್ಷೆ ಮಾಡಿರೋದು ಪ್ರಪಂಚದಾಗೆ ಎಲ್ಲಾದ್ರೂ ಐತೇನು?"

ಅಕ್ಕೋರ ಪರವಾಗಿ ಹನ್ನೊಂದು ಕೈ ಎದ್ದವು. ಗೌರಮ್ಮನ ಪರವಾಗಿ ಹನ್ನೆರಡು.

ಆ ಹನ್ನೆರಡನೆಯದು ನನ್ನದು. ಮುಚ್ಚಿಟ್ಟು ಏನು ಮಾಡಲಿ? ಅವತ್ತು ಬೆಳಿಗ್ಗೆ ಅವರ ಮನೆಯಲ್ಲೇ ಮಂಡಕ್ಕಿ ಒಗ್ಗರಣೆ ತಿಂದು, "ನನ್ನ ಕೈ ನಿಮಗೇ ಅಕ್ಕೋರೆ" ಎಂದು ಬಂದವಳು ನಾನು. ನನ್ನ ಮಾವ ತಿಪ್ಪಣ್ಣನವರ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಸಾಹುಕಾರರ ಬೆನ್ನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದರು. ಹನ್ನೊಂದಕ್ಕೆ ಹನ್ನೊಂದು ಸಮವಾಗಿ ನಿಂತಾಗ ನಾನು ಯಾರ ಕಡೆಗೂ ಕೈ ಎತ್ತಿರಲಿಲ್ಲ. ಮಾವ ಕೆಮ್ಮಿದರು. ನನ್ನ ಕೈ ತಾನಾಗಿ ಎದ್ದಿತು. ಥೂ ನನ್ನ ಜನ್ಮಕ್ಕೆ!

ಅಕ್ಕೋರು ಅಳಲಿಲ್ಲ, ಜಗಳ ಆಡಲಿಲ್ಲ. ಎದ್ದಿದ್ದ ಹನ್ನೆರಡು ಕೈಗಳನ್ನೂ ಒಂದೊಂದಾಗಿ ನೋಡಿದರು. ಮುಖಗಳನ್ನಲ್ಲ, ಕೈಗಳನ್ನು. ಆಮೇಲೆ ಸೆರಗು ಕೊಡವಿ ಎದ್ದು ಹೋದರು.

ಜೂನಿನಲ್ಲಿ ಸ್ಕೂಲು ಶುರುವಾದ ಮೇಲೆ ದಾವಣಗೆರೆ ಬಸ್ಸಿನಲ್ಲಿ ಬಂದ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯೊಂದು ಅವರ ಕಣ್ಣಿಗೆ ಬಿತ್ತು. ಯುರೋಪಿನ ತುದಿಯ ಐಸ್‌ಲ್ಯಾಂಡ್ ಎಂಬ ಸಣ್ಣ ದೇಶದಲ್ಲಿ ಅಧ್ಯಕ್ಷರ ಚುನಾವಣೆ. ಮೂವರು ಗಂಡಸರ ಎದುರಿಗೆ ಒಬ್ಬ ಹೆಂಗಸು ನಿಂತಿದ್ದಾಳೆ. ಗಂಡನಿಂದ ಬೇರೆಯಾದವಳು.

ಅಕ್ಕೋರು ಆ ಚೂರನ್ನು ಕತ್ತರಿಸಿ ರವಿಕೆಯೊಳಗೆ ಇಟ್ಟುಕೊಂಡರು. ಅವತ್ತಿನಿಂದ ಹಿಡಿಯಿತು ನೋಡಿ ಹುಚ್ಚು! ಸ್ಕೂಲಿನ ಗ್ಲೋಬಿನಲ್ಲಿ ಆ ದೇಶ ಶೇಂಗಾ ಬೀಜದಷ್ಟಿತ್ತು. ಅದರ ಸುತ್ತ ಕುಂಕುಮದಲ್ಲಿ ಗೆರೆ ಎಳೆದರು. ಬೆಳಿಗ್ಗೆ ಸಂಜೆ ರೇಡಿಯೋದ ಕಿವಿ ತಿರುವಿ ಇಂಗ್ಲಿಷ್ ವಾರ್ತೆ ಹಿಡಿಯುವುದು, ಗರಗರ ಸದ್ದಿನಲ್ಲಿ ಆ ದೇಶದ ಹೆಸರು ಬಂತೇ ಎಂದು ಕಾಯುವುದು. ಬಾರದಿದ್ದರೆ ರೇಡಿಯೋಗೇ ಬೈಗುಳ. ಹೆಡ್‌ಮಾಸ್ಟರು ಒಂದು ದಿನ, "ಅಲ್ರೀ, ಆ ಐಸಿನ ದೇಶಕ್ಕೂ ನಿಮಗೂ ಏನ್ರೀ ಸಂಬಂಧ?" ಎಂದರು.

"ಸಾಹುಕಾರ್ರು ಒಂದು ಪ್ರಶ್ನೆ ಕೇಳ್ಯಾರೆ ಸಾರ್. ಮೇಷ್ಟ್ರ ಕೆಲಸದೋಳು ನಾನು, ಉತ್ತರ ಹೇಳಬ್ಯಾಡ್ವೇನು?"

ನಮ್ಮ ಸ್ಕೂಲಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಹುಡುಗಿ ದಿನದ ಸುದ್ದಿ ಓದುವ ಪದ್ಧತಿ. ಆ ತಿಂಗಳು ಸುದ್ದಿ ಓದುವ ಕೆಲಸವನ್ನು ಅಕ್ಕೋರು ಏಳನೇ ಕ್ಲಾಸಿನ ಒಬ್ಬಳಿಗೇ ವಹಿಸಿದರು. ಅವಳು ತಿಪ್ಪಣ್ಣನವರ ಮೊಮ್ಮಗಳು. ಅವಳನ್ನು ನಿಲ್ಲಿಸುತ್ತಿದ್ದುದು ಗೇಟಿನ ಪಕ್ಕದ ಕಟ್ಟೆಯ ಮೇಲೆ. ಗೇಟಿನ ಎದುರಿಗೇ ಶೇಂಗಾ ಮಂಡಿ. "ಗಂಟಲು ಬಿಚ್ಚಿ ಓದು, ಮನೇಲಿ ಉಣ್ಣಾಕೆ ಇಕ್ಕಲ್ಲೇನು?" ಎಂದು ಗದರಿಸುವರು. ಮೊದಮೊದಲು ಮಂಡಿಯ ಹಮಾಲರು ಸುಮ್ಮನೆ ಕೇಳಿಸಿಕೊಂಡರು. ಸಭೆಯಲ್ಲಿ ಸಾಹುಕಾರರು ಆಡಿದ ಮಾತು ಊರಿಗೆಲ್ಲ ಗೊತ್ತಿತ್ತು; ಆಮೇಲೆ ಅವರಿಗೂ ರುಚಿ ಹತ್ತಿತು. ಚೀಲ ಹೊರುವುದನ್ನು ನಿಲ್ಲಿಸಿ, "ಐಸಿನ ದೇಶದಾಗೆ ಏನಾತವ್ವ?" ಎಂದು ಗೇಟಿಗೇ ಬಂದು ಕೇಳುವಂತಾಯಿತು.

ಕೊನೆಗೊಂದು ಸಂಜೆ ರೇಡಿಯೋ ಉತ್ತರ ಹೇಳಿತು. ಮಾರನೆಯ ದಿನ ಅಕ್ಕೋರು ಹೊಸ ಇಳಕಲ್ ಸೀರೆ ಉಟ್ಟು ಬಂದರು. ಕುಂಕುಮ ಇನ್ನೂ ಒಂದು ಸುತ್ತು ದೊಡ್ಡದಾಗಿತ್ತು. ಹುಡುಗಿ ಓದಿದಳು: "ಐಸ್‌ಲ್ಯಾಂಡ್ ದೇಶದಲ್ಲಿ ಮೂವರು ಗಂಡಸರನ್ನು ಸೋಲಿಸಿ ಒಬ್ಬ ಮಹಿಳೆ ಅಧ್ಯಕ್ಷರಾಗಿದ್ದಾರೆ. ಅವರು ಗಂಡನಿಂದ ಬೇರೆಯಾದವರು."

"ಇನ್ನೊಂದ್ಸಲ" ಎಂದರು ಅಕ್ಕೋರು. ಹುಡುಗಿ ಮತ್ತೆ ಓದಿದಳು. "ಮತ್ತೊಂದ್ಸಲ." ಮೂರನೆಯ ಸಲಕ್ಕೆ ಹಮಾಲರಲ್ಲಿ ಒಬ್ಬ ಮಂಡಿಯ ಗಾದಿಯ ಕಡೆ ತಿರುಗಿ ಕೂಗಿದ: "ಸಾಹುಕಾರ್ರೇ, ಎಲ್ಲಾದ್ರೂ ಐತೇನು ಅಂದಿದ್ರಲ್ಲ! ಐತಂತೆ ನೋಡ್ರಿ!" ಮಂಡಿಗೆ ಮಂಡಿಯೇ ಬಿದ್ದು ಬಿದ್ದು ನಕ್ಕಿತು. ತಿಪ್ಪಣ್ಣನವರು ಚಪ್ಪಲಿ ಮೆಟ್ಟದೆ ಒಳಗೆ ಎದ್ದು ಹೋದರು. ಅಜ್ಜನ ಮೇಲಿನ ಸಿಟ್ಟಿಗೆ ಆ ಹುಡುಗಿಯನ್ನು ಕಟ್ಟೆ ಹತ್ತಿಸಿದ್ದು ತಪ್ಪು, ಅದು ನನಗೆ ಗೊತ್ತು. ಆದರೂ ನನ್ನ ಹೊಟ್ಟೆ ತಣ್ಣಗಾಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಅಕ್ಕೋರು ನನ್ನ ಕಡೆ ತಿರುಗಲಿಲ್ಲ.

ಸಾಹುಕಾರರ ಲೆಕ್ಕ ಅಲ್ಲಿಗೆ ಮುಗಿಯಿತು. ಕೈಗಳದ್ದು ಬಾಕಿ ಇತ್ತು.

ಆ ಹನ್ನೆರಡರಲ್ಲಿ ಯಾರು ಕಾಗದ ಬರೆಸಲು ಬಂದರೂ ಅಕ್ಕೋರು ಪೆನ್ನು ಮುಟ್ಟುತ್ತಿರಲಿಲ್ಲ. "ಮೊದ್ಲು ಕೈ ಎತ್ತು" ಎನ್ನುವರು. ಜಗಲಿಯ ತುಂಬ ಜನರ ಎದುರಿಗೆ ಬಲಗೈ ನೆಟ್ಟಗೆ ಮೇಲಕ್ಕೆತ್ತಿ ನಿಲ್ಲಬೇಕು. ಅರ್ಧ ಎತ್ತಿದರೆ ಆಗದು. "ಅವತ್ತು ಗೌರಮ್ಮಂಗೆ ಎಷ್ಟು ಎತ್ತರ ಎತ್ತಿದ್ದೆ? ಅಷ್ಟು ಎತ್ತು." ಸಾಕು ಎನ್ನುವ ತನಕ ನಿಲ್ಲಿಸಿ, ಆಮೇಲೆ ಬರೆಯುವರು. ಒಮ್ಮೆ ಎತ್ತಿದವಳನ್ನು ಮತ್ತೆ ಕೇಳುತ್ತಿರಲಿಲ್ಲ. ಎರಡು ವರ್ಷದ ಮೇಲೆ, ಅವತ್ತು ತಮಗೆ ತಾವೇ ಕೈ ಎತ್ತಿಕೊಂಡಿದ್ದ ಗೌರಮ್ಮನೇ ಬಂದರು. ಚನ್ನಗಿರಿಗೆ ಕೊಟ್ಟ ಮಗಳನ್ನು ಅಳಿಯ ಹೊಡೆದು ಹೊರಗೆ ಹಾಕಿದ್ದ. ಆಕೆಯೂ ಕೈ ಎತ್ತಿದರು. ಬಳೆಗಳೆಲ್ಲ ಮೊಣಕೈತನಕ ಜಾರಿದವು. ಅಕ್ಕೋರು ನೋಡಿದರು, "ಇಳಿಸ್ರಿ" ಎಂದರು, ಪೊಲೀಸರಿಗೆ ಕೊಡಲು ನಾಲ್ಕು ಪುಟದ ಅರ್ಜಿ ಬರೆದರು. ಅಳಿಯನ ನೀರಿಳಿಸುವಂಥ ಅರ್ಜಿ.

ಹೀಗೆ ಹನ್ನೆರಡರಲ್ಲಿ ಹನ್ನೊಂದು ಕೈಗಳ ಲೆಕ್ಕ ಮುಗಿಯಿತು. ನಾನೊಬ್ಬಳು ಉಳಿದೆ. ನನಗೆ ಬರೆಯಲು ಬರುತ್ತಿತ್ತಲ್ಲ, ಏನಂತ ಹೋಗಲಿ? ಆದರೂ ಒಂದು ಸಂಜೆ ಸುಮ್ಮನೆ ನೆಪ ಮಾಡಿಕೊಂಡು ವರ್ಗಾವಣೆಯ ಅರ್ಜಿ ಬರೆಸಲು ಹೋದೆ. ಅಕ್ಕೋರು ಏನೂ ಕೇಳದೆ ಪೆನ್ನು ತೆಗೆದುಕೊಂಡು ಬರೆಯತೊಡಗಿದರು. ನನಗೆ ತಡೆಯಲಾಗಲಿಲ್ಲ.

"ಅಕ್ಕೋರೆ, ಕೈ ಎತ್ತಲಾ?"

ಅವರು ತಲೆ ಎತ್ತಲಿಲ್ಲ. "ಬ್ಯಾಡ ನೀಲಾ. ನಿನ್ನ ಕೈ ನಾನು ಅವತ್ತೇ ನೋಡೀನಿ."

ಅರ್ಜಿಯನ್ನು ಮಡಿಸಿ ಕೊಟ್ಟರು, ಚಹಾ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಆ ಅರ್ಜಿಯನ್ನು ನಾನು ಯಾರಿಗೂ ಕೊಡಲಿಲ್ಲ.

ಅವರು ರಿಟೈರಾಗಿ ನ್ಯಾಮತಿಯ ತಂಗಿಯ ಮನೆಗೆ ಹೊರಟಾಗ ಬಸ್‌ಸ್ಟ್ಯಾಂಡಿಗೆ ಅರ್ಧ ಊರು ಬಂದಿತ್ತು. ಗೌರಮ್ಮನೂ ಬಂದು ಉಡಿ ತುಂಬಿದರು. ನಾನು ಹಿಂದೆ ನಿಂತಿದ್ದೆ. ಬಸ್ಸು ಹೊರಟಿತು. ಕಿಟಕಿಯಲ್ಲಿ ಆ ಕುಂಕುಮ ಕಂಡಿತು. ನನಗೇನಾಯಿತೋ, ಬಲಗೈಯನ್ನು ನೆಟ್ಟಗೆ ಮೇಲಕ್ಕೆತ್ತಿ ನಿಂತುಬಿಟ್ಟೆ. ಬೀಸಲಿಲ್ಲ. ಸುಮ್ಮನೆ ಎತ್ತಿ ನಿಂತೆ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಗಕ್ಕನೆ ನಿಂತಿತು. "ಬರ್ರಮ್ಮ, ಹತ್ರಿ ಬೇಗ!" ಎಂದು ಬಾಗಿಲು ತೆಗೆದ. ಬಸ್ಸಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಕ್ಕೋರೂ ನೋಡಿದರು. ಮೊದಲು ಕೈ, ಆಮೇಲೆ ಮುಖ.

"ರೈಟ್ ಹೇಳಪ್ಪ" ಎಂದರು ಕಂಡಕ್ಟರಿಗೆ, ಊರಿಗೆಲ್ಲ ಕೇಳುವ ಹಾಗೆ. "ಆಯಮ್ಮ ಹತ್ತಲ್ಲ. ಆಕಿ ಕೈ ಎತ್ತೋದೇ ಹೊತ್ತು ಮೀರಿದ ಮ್ಯಾಲೆ."

ಬಸ್ಸು ಹೋಯಿತು. ಆಮೇಲೆ ನಾನು ಅವರನ್ನು ನೋಡಲಿಲ್ಲ.