ಪಕ್ಕದ ಮನೆ ಹುಡುಗಿಯ ಶಿವದಾರ

ಹೊಸ ಶಿವದಾರಕ್ಕೆ ಅದರದೇ ಒಂದು ವಾಸನೆ, ಗಂಜಿ ಹಾಕಿದ ನೂಲಿನ ವಾಸನೆ. ಮೊನ್ನೆ ಊರಿಂದ ಬಂದ ನೆಂಟರು ನನಗೊಂದು ತಂದುಕೊಟ್ಟರು. ಲಿಂಗ ಕಟ್ಟಿ ಕೊರಳಿಗೆ ಹಾಕಿಕೊಳ್ಳುವಾಗ ಪಕ್ಕದ ಮನೆ ಹುಡುಗಿ ನೆನಪಾದಳು.

ತಮಿಳು ಸೀಮೆಯ ಪುರಸೈವಾಕ್ಕಂನಲ್ಲಿ ನನ್ನ ಪಾತ್ರೆ ಅಂಗಡಿಯ ಹಿಂದಿನ ವಠಾರದಲ್ಲಿ ಅವರದೂ ನಮ್ಮದೂ ಒಂದೇ ಗೋಡೆ. ನಮ್ಮ ಕಡೆಯವರೇ, ಲಿಂಗವಂತರು. ಹುಡುಗಿಗೆ ಆಗ ಹದಿನಾರು. ಹತ್ತನೇ ಕ್ಲಾಸು ಮುಗಿದದ್ದೇ ಅಪ್ಪ ಓದು ಬಿಡಿಸಿ ಊರಲ್ಲಿ ಗಂಡು ನೋಡಿದ. ಒಂದು ಬೆಳಿಗ್ಗೆ ಅವಳು ಮನೆ ಬಿಟ್ಟಳು. ಅಪ್ಪ ದೂರು ಕೊಟ್ಟ. ಸಂಜೆಯೊಳಗೆ ಪೊಲೀಸರು ಕೋಯಂಬೇಡು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಹೆಣ್ಣುಮಕ್ಕಳ ಸರ್ಕಾರಿ ಹೋಮಿಗೆ ಸೇರಿಸಿದರು.

ಅಲ್ಲಿ ಕೊರಳಲ್ಲಿ ದಾರ ಇರಬಾರದಂತೆ, ಮಕ್ಕಳು ಜೀವಕ್ಕೆ ಏನಾದರೂ ಮಾಡಿಕೊಂಡರೆ ಅಂತ. ಶಿವದಾರದ ಜೊತೆ ಲಿಂಗವನ್ನೂ ತೆಗೆದಿಟ್ಟರು. ಲಿಂಗಪೂಜೆ ಆಗದೆ ಅವಳು ಅನ್ನ ಮುಟ್ಟುವವಳಲ್ಲ. ಹಠ ಅಂದುಕೊಂಡರು. ವಿಷಯ ತಿಳಿದು ನಾನು ಅಪ್ಪನ ಜೊತೆ ಹೋಗಿ, ನನಗೆ ಬಂದ ತಮಿಳಿನಲ್ಲಿ ವಾರ್ಡನ್ ಅಮ್ಮನಿಗೆ ಬಿಡಿಸಿ ಹೇಳಿದೆ. ಪಾಪ, ಆಕೆ ಲಿಂಗ ತಂದುಕೊಟ್ಟಳು, ದಾರ ಮಾತ್ರ ಕೊಡಲಿಲ್ಲ. ಹುಡುಗಿ ಅದನ್ನು ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡಳು.

"ಇವಳೇನು ಕದ್ದಿದ್ದಾಳಾ ಮೇಡಂ?" ಅಂದೆ.

"ಅಯ್ಯೋ, ಇವಳ ಮೇಲೆ ಕೇಸೇ ಇಲ್ಲಪ್ಪ. ಇದೆಲ್ಲ ರಕ್ಷಣೆಗೆ."

"ಮತ್ತೆ ಗೇಟಿಗೆ ಬೀಗ?"

"ಅದೂ ರಕ್ಷಣೆಗೇ."

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಮನೆಯಲ್ಲಿ ಹೇಳದೆ ರೈಲು ಹತ್ತಿ ಈ ಊರಿಗೆ ಬಂದವನು. ನನ್ನನ್ನು ಯಾರೂ ಹಿಡಿಯಲಿಲ್ಲ. ಗಂಡು ಹುಡುಗ, ದುಡಿದು ತಿಂತಾನೆ ಅಂದರು. ದುಡಿದೆ, ಸ್ವಂತ ಅಂಗಡಿ ಮಾಡಿದೆ. ಅವಳು ಓದಬೇಕು ಅಂತ ಓಡಿದಳು, ಬೀಗ ಬಿತ್ತು.

ಅವಳನ್ನು ಎಲ್ಲಿಗೆ ಕಳಿಸಬೇಕು ಅಂತ ತೀರ್ಮಾನಿಸುವ ಮಕ್ಕಳ ಸಮಿತಿಯವರ ಮುಂದೆ ಅಪ್ಪ ಕೈಮುಗಿದು, ಮದುವೆ ಮಾಡಲ್ಲ, ಓದಿಸ್ತೀನಿ ಅಂದ. ಹೆತ್ತವರ ಮನೆಗಿಂತ ಒಳ್ಳೆ ಜಾಗ ಇಲ್ಲ ಅಂತ ಅವರೂ ನಂಬಿದರು. ಅವಳು ನನ್ನ ಕಡೆ ತಿರುಗಿ, "ಕಾಕಾ, ನೀವಾದ್ರೂ ಹೇಳ್ರಿ. ಒಯ್ದು ಮದುವಿ ಮಾಡ್ತಾರ" ಅಂದಳು. ಹೇಳಿದೆ. ಹುಡುಗಿಗೆ ನೀವು ಏನಾಗಬೇಕು ಅಂತ ಕೇಳಿದರು. ಪಕ್ಕದ ಮನೆಯವನು ಅಂದೆ. ಹೊರಗೆ ಕೂತಿರಿ ಅಂದರು. ಅವಳನ್ನು ಅಪ್ಪನ ಕೈಗೇ ಒಪ್ಪಿಸಿದರು.

ತಿಂಗಳಾಗುವ ಮೊದಲೇ ಊರಲ್ಲಿ ಸದ್ದಿಲ್ಲದೆ ಮದುವೆ ಮುಗಿಸಿದರು. ಮರುವರ್ಷ ಗಂಡನ ಮನೆಯಿಂದಲೂ ಹೊರಟುಹೋದಳಂತೆ... ಈ ಸಲ ಅಪ್ಪನಾಗಲಿ ಗಂಡನಾಗಲಿ ದೂರು ಕೊಡಲಿಲ್ಲ, ಮರ್ಯಾದೆ ಹೋಗುತ್ತದೆ ಅಂತ. ದೂರೇ ಇಲ್ಲದ ಮೇಲೆ ಯಾರು ಹುಡುಕುತ್ತಾರೆ?

ಈಗ ಅವಳಿಗೆ ಇಪ್ಪತ್ತೆರಡು ತುಂಬಿರಬೇಕು. ಇನ್ನು ಅವಳನ್ನು ಹಿಡಿದು ಯಾರ ಕೈಗೂ ಒಪ್ಪಿಸುವ ಹಾಗಿಲ್ಲ. ಬದುಕಿದ್ದರೆ...