ದೊಡ್ಡವ್ವ ಮೂಸಿದ ಬೂದಿ

ಮೊನ್ನೆ ಜಮಖಂಡಿಯ ನಮ್ಮ ಕಾಲೇಜಿನಲ್ಲಿ ಕಪ್ಪುಕುಳಿಯ ಪಾಠ ಮಾಡುತ್ತ ರೇಷ್ಮೆ ಎಳೆಯೊಂದಕ್ಕೆ ಕಡ್ಡಿ ಗೀರಿದೆ. ಕೂದಲು ಸುಟ್ಟಂಥ ವಾಸನೆ ಎದ್ದಿತು. ಹುಡುಗಿಯರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಬನಹಟ್ಟಿಯ ನಮ್ಮ ಓಣಿ, ಅಲ್ಲಿನ ಕೈಮಗ್ಗ, ಅದರ ಮುಂದೆ ಕೂತ ದೊಡ್ಡವ್ವ...

ರಕ್ತಸಂಬಂಧವೇನಲ್ಲ, ಪಕ್ಕದ ಮನೆಯವಳು. ಬಿ.ಎಸ್ಸಿ. ಓದುವಾಗ ಅವಳ ಮಗ್ಗದ ಬಳಿಯೇ ಕೂತು ಪುಸ್ತಕ ತೆರೆಯುತ್ತಿದ್ದೆ. ಒಂದು ದಿನ ಆಕಾಶದ ಕಪ್ಪುಕುಳಿಯ, ಅಂದರೆ ಬ್ಲ್ಯಾಕ್ ಹೋಲಿನ, ಕಥೆ ಹೇಳಿದೆ. ಅದರ ಅಂಚು ದಾಟಿ ಒಳಗೆ ಬಿದ್ದದ್ದು, ಬೆಳಕೇ ಆಗಲಿ, ಹೊರಗೆ ಬರುವುದಿಲ್ಲ. ಆ ಕುಳಿಯೂ ಯುಗಯುಗ ಕಾವು ಬಿಡುತ್ತ ಬಿಡುತ್ತ ಕರಗಿಹೋಗುತ್ತದಂತೆ. ಆ ಕಾವಿನಲ್ಲಿ ಒಳಗೆ ಬಿದ್ದದ್ದರ ಗುರುತೇ ಇರುವುದಿಲ್ಲ ಎನ್ನುತ್ತದೆ ಒಂದು ಲೆಕ್ಕ. ಗುರುತು ಪೂರ್ತಿ ಅಳಿಯುವುದು ಸಾಧ್ಯವೇ ಇಲ್ಲ ಎನ್ನುತ್ತದೆ ಇನ್ನೊಂದು ನಿಯಮ. ಇದೇ ತೊಡಕು.

ದೊಡ್ಡವ್ವ ಲಾಳಿ ನಿಲ್ಲಿಸಿದಳು. “ಗುರತ ಇಲ್ಲದಂಗ ಹೋಗೂದು ಅಂದ್ರೇನಬೇ? ಸುಳ್ಳು!” ನಾನು ನಕ್ಕುಬಿಟ್ಟೆ. ನಾಲ್ಕು ಅಕ್ಷರ ಕಲಿತ ಸೊಕ್ಕು ನನಗೆ.

ಅದೇ ವಾರ ಅವಳ ಮಾನಕ್ಕೇ ಕುತ್ತು ಬಂತು. ಅವಳು ನೇಯ್ದು ಕೊಟ್ಟ ರೇಷ್ಮೆ ಸೀರೆ, ನೂಲು ಕೊಟ್ಟು ನೇಯಿಸುವ ಸಾಹುಕಾರನ ಅಂಗಡಿಯಲ್ಲಿ ದೀಪ ಉರುಳಿ ಸುಟ್ಟುಹೋಗಿತ್ತು. ತನ್ನ ತಪ್ಪು ಮುಚ್ಚಿಕೊಳ್ಳಲು ಆ ಮಹಾನುಭಾವ, ತಾನು ಕೊಟ್ಟ ರೇಷ್ಮೆಯನ್ನು ಅವಳು ಕದ್ದು ಪಾಲಿಯೆಸ್ಟರ್ ನೇಯ್ದಿದ್ದಾಳೆ, ಅದಕ್ಕೇ ಸೀರೆ ಭಗ್ಗೆಂದಿತು ಎಂದು ಪೇಟೆಯೆಲ್ಲ ಸಾರಿದ. ಕಳ್ಳಿ ಎನಿಸಿಕೊಂಡವಳಿಗೆ ಮತ್ತೆ ನೂಲು ಕೊಡುವವರಾರು?

ಸೆರಗು ಸಿಕ್ಕಿಸಿಕೊಂಡು ನೇರ ಅಂಗಡಿಗೆ ನಡೆದಳು. ಹಿಂದೆ ನಾನು.

“ಸುಟ್ಟ ಮ್ಯಾಲ ಏನ್ ಗೊತ್ತಾಕ್ಕೈತಿ, ಹೋಗ,” ಅಂದ ಸಾಹುಕಾರ.

“ಸುಟ್ಟದ್ದಕ್ಕ ಗೊತ್ತಾಕ್ಕೈತ್ರೀ!”

ಮೂಲೆಗೆ ಗುಡಿಸಿಟ್ಟ ಬೂದಿಯನ್ನು ಮುಷ್ಟಿ ತುಂಬ ಎತ್ತಿ ಮೂಸಿದಳು. ನೆರೆದವರ ಎದುರೇ ಬೆರಳಲ್ಲಿ ತಿಕ್ಕಿದಳು. ಕರಿ ಬೂದಿ ಪುಡಿಪುಡಿಯಾಗಿ ಉದುರಿತು. “ನೋಡ್ರಿ. ಪಾಲಿಯೆಸ್ಟರ್ ಇದ್ರ ಕರಗಿ ಗಂಟ ಆಗತಿತ್ತು. ಎಲ್ಲೈತಿ ಗಂಟ? ತೋರಸ್ರಿ!” ನೇಕಾರರ ಊರು, ಅಲ್ಲಿ ಅದು ತಿಳಿಯದವರಿಲ್ಲ. ಸಾಹುಕಾರನ ಮುಖ ನೋಡಬೇಕಿತ್ತು!

ಮನೆಗೆ ಬರುವಾಗ ಅಂದಳು: “ನಿಮ್ಮ ಶಾಣ್ಯಾರಿಗೆ ಹೇಳಬೇ. ಗುರತ ಇರತೈತಿ. ಅವರ ಮೂಗಿಗೆ ಇನ್ನೂ ಹತ್ತಿಲ್ಲ, ಅಷ್ಟ.”

ದೊಡ್ಡವ್ವ ತೀರಿಹೋಗಿ ವರ್ಷಗಳಾದವು. ಮಗ್ಗವಿದ್ದ ಜಾಗದಲ್ಲಿ ಈಗ ಯಾರೋ ಬೈಕು ನಿಲ್ಲಿಸುತ್ತಾರೆ. ಕಪ್ಪುಕುಳಿಗೆ ಬಿದ್ದದ್ದರ ಗುರುತು ಹೇಗೋ ಹೊರಬರುತ್ತದೆಂದೇ ಈಗ ಬಹಳ ವಿಜ್ಞಾನಿಗಳು ನಂಬುತ್ತಾರೆ. ಹೇಗೆಂಬುದು ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಮೊನ್ನೆ ಪಾಠ ಮುಗಿದಾಗ ಹುಡುಗಿಯೊಬ್ಬಳು ಕೇಳಿದಳು: “ಹಂಗಾರ ಒಳಗ ಬಿದ್ದದ್ದು ಹೋಗೇ ಬಿಡತೈತೇನ್ರೀ ಮೇಡಂ?”

ಸುಟ್ಟ ರೇಷ್ಮೆ ಎಳೆಯ ಬೂದಿಯನ್ನು ಅವಳ ಅಂಗೈಗೆ ಸುರಿದೆ. “ಮೊದಲ ತಿಕ್ಕಿ ನೋಡಬೇ,” ಅಂದೆ.