ಮೂರನೇ ಮೆಟ್ಟಿಲು ಕಾಯುವ ಸೆವಸ್ತಿ

ಬೆಳಕು ಹರಿಯುವ ಹೊತ್ತು. ಲೆವಿನಾ ದ್ವೀಪದ ದಕ್ಕೆಯ ತುದಿಯಲ್ಲಿ ಸೆವಸ್ತಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಅವರ ಕಣ್ಣು ಸಮುದ್ರದ ಮೇಲಿಲ್ಲ. ದಕ್ಕೆಯಿಂದ ನೀರಿಗಿಳಿಯುವ ಏಳು ಕಲ್ಲುಮೆಟ್ಟಿಲುಗಳಿವೆಯಲ್ಲ, ಅವುಗಳಲ್ಲಿ ಮೇಲಿನಿಂದ ಮೂರನೆಯದರ ಮೇಲಿದೆ. ತುಟಿ ಸಣ್ಣಗೆ ಅಲುಗುತ್ತಿದೆ. ಪ್ರಾರ್ಥನೆಯೋ ಎಣಿಕೆಯೋ ಎಂದು ಕೇಳಿದರೆ, "ಎರಡೂ. ಬೇರೆ ಬೇರೆ ಮಾಡೋಕೆ ಪುರುಸೊತ್ತೆಲ್ಲಿದೆ?" ಎನ್ನುತ್ತಾರೆ.

ಈಜಿಯನ್ ಸಮುದ್ರದ ಐದು ಪುಟ್ಟ ದ್ವೀಪಗಳನ್ನು ಸುತ್ತುವ 'ಎವ್ದೋಕಿಯಾ' ಹಡಗು ವಾರಕ್ಕೆ ಮೂರು ಸಲ ಇಲ್ಲಿಗೆ ಬರುತ್ತದೆ. ಅದಕ್ಕೆ ಅವಸರವೆಂಬುದು ಗೊತ್ತಿಲ್ಲ. ಹಿಟ್ಟಿನ ಮೂಟೆ, ಔಷಧಿ, ಒಂದೆರಡು ಮೇಕೆ, ಸುಮ್ಮನೆ ನೀರು ನೋಡುತ್ತ ಕೂರಲು ಬಂದ ನಾಲ್ಕಾರು ಪ್ರವಾಸಿಗರು, ಹೀಗೆ ಇಳಿಸುತ್ತ ಹತ್ತಿಸಿಕೊಳ್ಳುತ್ತ ಸಾಗುತ್ತದೆ. ಲೆವಿನಾದ ಇಪ್ಪತ್ತಾರು ಮಂದಿಗೆ ಹೊರಲೋಕವೆಂದರೆ ಅದೊಂದೇ. ಹಡಗಿನಿಂದ ಎಸೆದ ಹಗ್ಗ ಹಿಡಿದು ಕಬ್ಬಿಣದ ಗೂಟಕ್ಕೆ ಹಾಕುವುದು ಸೆವಸ್ತಿಯವರ ಕೆಲಸ. ನೆಂದ ಹಗ್ಗ ಒಂದು ಕುರಿಯಷ್ಟು ತೂಗುತ್ತದೆ. ಅಪ್ಪನಿಂದ ಬಂದ ಈ ಕೆಲಸಕ್ಕೆ ನಿಂತು ಇಪ್ಪತ್ತೊಂಬತ್ತು ವರ್ಷವಾಯಿತು, ಅವರಿಗೀಗ ಅರವತ್ತಮೂರು. ಉಪ್ಪುನೀರಿಗೆ ಅಂಗೈ ಬಿರಿದಿದೆ. ಎಡಭುಜ ಮೇಲೇಳದು. ಜಡೆ ಹೆಣೆಯುವುದು ಗಂಡ ಸಕೆಲ್ಲಾರಿಸ್.

ಹಗ್ಗಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಹಡಗು ಕೊಲ್ಲಿಯ ಬಾಯಿಗೆ ಬಂದಾಗ ಸೆವಸ್ತಿ ತಲೆವಸ್ತ್ರ ಬಿಚ್ಚಿ ಬಲಗೈಯಲ್ಲಿ ಎತ್ತಿದರೆ, ಬಾ ಎಂದು ಅರ್ಥ. ಕಟ್ಟಿಕೊಂಡೇ ನಿಂತರೆ, ಅಲೆ ಮೂರನೇ ಮೆಟ್ಟಿಲು ಮುಟ್ಟುತ್ತಿದೆ, ಬೇಡ.

ಹದಿನಾಲ್ಕು ವರ್ಷದ ಹಿಂದೆ ಒಮ್ಮೆ ಅವರು ಬಿಚ್ಚಬಾರದ ಹೊತ್ತಲ್ಲಿ ತಲೆವಸ್ತ್ರ ಬಿಚ್ಚಿದರು. ಹಡಗಿನಲ್ಲಿ ತಂಗಿಯ ಮಗಳ ಮದುವೆಯ ದಿಬ್ಬಣವಿತ್ತು. "ನೀರು ಮೂರನೇ ಮೆಟ್ಟಿಲು ನೆನೆಸಿತ್ತು. ನಾನು ನೋಡ್ದೆ. ನೋಡಿನೂ ಕೈ ಎತ್ತಿದೆ." ಹಡಗು ಮೇಲೆದ್ದು ಬಿದ್ದಾಗ ಹಗ್ಗ ಬಿಗಿದು ಪಂತೆಲಿಸ್ ಎಂಬ ನಾವಿಕನ ಎಡಗೈಯ ಎರಡು ಬೆರಳು ಹೋದವು. ಸೆವಸ್ತಿ ಕೆಲಸ ಬಿಟ್ಟರು. ಮೂರು ತಿಂಗಳ ಮೇಲೆ ಪಂತೆಲಿಸ್ ತಾನೇ ಬಂದು ಬಾಗಿಲು ತಟ್ಟಿದ. "ಬೇರೆಯವರಿಗೆ ಆ ಮೆಟ್ಟಿಲು ಬರೀ ಕಲ್ಲು, ಅಕ್ಕಾ. ನೀನೇ ಬಂದು ನಿಲ್ಲು" ಎಂದ. ಇಂದು ಆ ಹಡಗಿನ ಕಪ್ತಾನ ಅವನೇ.

ಇವತ್ತು ಸೆಪ್ಟೆಂಬರ್ ಇಪ್ಪತ್ತೆರಡು, ನಾವಿಕರನ್ನು ಕಾಯುವ ಸಂತ ಫೋಕಾಸನ ಹಬ್ಬ. ದ್ವೀಪದಲ್ಲಿ ಪಾದ್ರಿ ಇಲ್ಲ. ವರ್ಷಕ್ಕೊಮ್ಮೆ, ಈ ದಿನ, ಎಲ್ಲರೂ 'ಪಾಪಾ' ಎಂದು ಕರೆಯುವ ವೃದ್ಧ ಪಾದ್ರಿ ನಿಕೀತಾಸ್ ಹಡಗಿನಲ್ಲಿ ಬಂದು ಪೂಜೆ ನಡೆಸುತ್ತಾರೆ. ವಸಂತದಲ್ಲಿ ಸಕೆಲ್ಲಾರಿಸ್‌ಗೆ ಕಣ್ಣಿನ ಆಪರೇಷನ್ ಆದಾಗ ಸೆವಸ್ತಿ ಹರಕೆ ಹೊತ್ತಿದ್ದರು: ದೃಷ್ಟಿ ಉಳಿದರೆ ಹಬ್ಬದ ದಿನ ಐದು ರೊಟ್ಟಿಯನ್ನು ಪಾಪಾ ಕೈಯಲ್ಲಿ ಮಂತ್ರಿಸಿಸಿ ಊರಿಗೆಲ್ಲ ಹಂಚುತ್ತೇನೆಂದು. ದೃಷ್ಟಿ ಉಳಿದಿದೆ. ಸೋಂಪು ಹಾಕಿದ ಐದು ದುಂಡನೆ ರೊಟ್ಟಿ ಬುಟ್ಟಿಯಲ್ಲಿ ಘಮಘಮಿಸುತ್ತಿವೆ. ಊರಿಗೆ ಊರೇ ಒಗೆದ ಬಟ್ಟೆ ತೊಟ್ಟು ದಕ್ಕೆಗೆ ಬಂದಿದೆ. ಸಮುದ್ರ ಎಣ್ಣೆ ಹೊಯ್ದಂತಿದೆ.

ಹಡಗು ಕೊಲ್ಲಿಯ ಬಾಯಲ್ಲಿ ಕಾಣಿಸುತ್ತದೆ. ಸೆವಸ್ತಿ ಎದ್ದು ನಿಲ್ಲುತ್ತಾರೆ. ಕೈ ಎತ್ತುವುದಿಲ್ಲ.

"ಏನೇ ಇದು?" ಕಾಫಿ ಅಂಗಡಿಯ ಥೆಮೆಲಿಸ್ ಕುರ್ಚಿಯಿಂದಲೇ ಕೂಗುತ್ತಾನೆ. "ಒಂದು ಎಲೆ ಅಲ್ಲಾಡ್ತಿಲ್ಲ! ನನ್ನ ಮೀಸೆ ಕೂಡ ಅಲ್ಲಾಡ್ತಿಲ್ಲ!"

"ಮೊನ್ನೆ ದಕ್ಷಿಣದಲ್ಲಿ ಎಲ್ಲೋ ಜೋರಾಗಿ ಬೀಸಿದೆ. ಗಾಳಿ ಸತ್ತಿದೆ, ಅದರ ಅಲೆ ಇನ್ನೂ ದಾರೀಲಿದೆ. ಮೂರು ಸಲ ಮೆಟ್ಟಿಲು ನೆನೀತು."

"ನಿನ್ನದೇ ಹರಕೆ ಕಣೇ. ನಿನ್ನದೇ ರೊಟ್ಟಿ!"

"ಅದಕ್ಕೇ ನಾಲ್ಕನೇ ಸಲಾನೂ ನೋಡ್ದೆ."

"ಹಾಗಾದ್ರೆ ನಾನೇ ದೋಣೀಲಿ ಹೋಗಿ ಪಾಪಾನ ಇಳಿಸ್ಕೊಂಡು ಬರ್ತೀನಿ."

"ನಿನ್ನ ದೋಣಿಗೆ ನಿನ್ನನ್ನ ಹತ್ಸೋಕೇ ಇಬ್ಬರು ಹಿಂದಿನಿಂದ ನೂಕ್ಬೇಕು. ಆ ಎಂಬತ್ತು ವರ್ಷದ ಮಂಡಿಗಳನ್ನ ಅದರಲ್ಲಿ ಯಾರು ಇಳಿಸ್ತಾರೆ? ಕೂತ್ಕೋ."

ನಗು ಏಳುತ್ತದೆ, ಬೇಗನೆ ಆರುತ್ತದೆ. ಇನ್ನೊಂದು ವರ್ಷ ಕಾಯಬೇಕಲ್ಲ ಎಂಬುದು ಎಲ್ಲರ ಮುಖದಲ್ಲಿದೆ. ಸೆವಸ್ತಿ ತಲೆವಸ್ತ್ರದ ಗಂಟನ್ನು ಇನ್ನೊಮ್ಮೆ ಬಿಗಿಯುತ್ತಾರೆ.

ಹಡಗು ಆಳದ ನೀರಲ್ಲೇ ನಿಧಾನಿಸುತ್ತದೆ, ಹಿಂತಿರುಗುವುದಿಲ್ಲ. ಅದರ ಧ್ವನಿವರ್ಧಕ ಕರಕರ ಎಂದು, ತಪ್ಪಿ ಎಂದಿನ ಮುದ್ರಿತ ಪ್ರಕಟಣೆ ಹೊರಡಿಸುತ್ತದೆ. "ಇಳಿಯುವವರು ದಯವಿಟ್ಟು ತಮ್ಮ ಸಾಮಾನು ಮರೆಯಬಾರದು." ಬಳಿಕ ಪಂತೆಲಿಸ್‌ನ ದನಿ: "ಅಕ್ಕಾ, ನೀನು ಬೇಡ ಅಂದ್ಮೇಲೆ ಬೇಡ. ಆದ್ರೆ ಪಾಪಾ ನನ್ನ ಮಾತು ಕೇಳ್ತಿಲ್ಲ. ಇಲ್ಲಿಂದ್ಲೇ ಮಂತ್ರಿಸ್ತಾರಂತೆ, ರೊಟ್ಟಿ ಎತ್ತಿ ಹಿಡೀಬೇಕಂತೆ!"

ಒಂದು ಮುದಿ ಕೆಮ್ಮು. ಆಮೇಲೆ ಪಾಪಾ ನಿಕೀತಾಸರ ಹಾಡು, ಒಡಕಾದರೂ ನೇರ, ನೀರ ಮೇಲೆ ಹಾಸಿಕೊಂಡು ಬರುತ್ತದೆ. ಸೆವಸ್ತಿ ಬುಟ್ಟಿ ಎತ್ತುತ್ತಾರೆ. ಎಡಗಡೆ ಏಳುವುದಿಲ್ಲ. ಸಕೆಲ್ಲಾರಿಸ್ ಬಂದು ಆ ಕಡೆಯ ಹಿಡಿಕೆ ಹಿಡಿಯುತ್ತಾರೆ. ಹಡಗಿನ ಕಟಕಟೆಯಲ್ಲಿ ಪ್ರವಾಸಿಗರು ಟೋಪಿ ತೆಗೆದು ನಿಂತಿದ್ದಾರೆ. ದಕ್ಕೆಯ ಮೇಲೆ ಉಳಿದವರೆಲ್ಲ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ದೇವರು ದಡ ಮುಟ್ಟಲು ಹಗ್ಗ ಬೇಕಿಲ್ಲವೇನೋ.

ಹಾಡು ಅರ್ಧಕ್ಕೆ ಬಂದಾಗ ನೀರು ಸದ್ದಿಲ್ಲದೆ ಏರುತ್ತದೆ. ನೊರೆಯಿಲ್ಲ, ಆರ್ಭಟವಿಲ್ಲ. ಮೂರನೇ ಮೆಟ್ಟಿಲು, ಎರಡನೆಯದು, ಮೊದಲನೆಯದು. ದಕ್ಕೆಯ ಮೇಲೆ ಹರಿದು ಕಬ್ಬಿಣದ ಗೂಟವನ್ನು ಒಂದು ಸುತ್ತು ಬಂದು, ಹಬ್ಬದ ಬೂಟುಗಳನ್ನೆಲ್ಲ ನೆನೆಸಿ ಇಳಿಯುತ್ತದೆ. ಥೆಮೆಲಿಸ್ ಯಾರ ಮುಖವನ್ನೂ ನೋಡದೆ ಕುರ್ಚಿಯನ್ನು ಹಿಂದಕ್ಕೆಳೆದುಕೊಳ್ಳುತ್ತಾನೆ.

ಹಡಗು ಹೊರಟುಹೋದ ಮೇಲೆ ರೊಟ್ಟಿ ಹಂಚಿಕೆ ನಡೆಯುತ್ತದೆ. ಮೊದಲ ತುಂಡು ಥೆಮೆಲಿಸ್‌ಗೆ. "ತಿನ್ನು, ಬೈಯೋಕೆ ಶಕ್ತಿ ಬೇಕಲ್ಲ." ಐದನೆಯ ರೊಟ್ಟಿಯಲ್ಲಿ ಒಂದು ಪಾಲನ್ನು ಮಾತ್ರ ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಡುತ್ತಾರೆ.

ಇನ್ನೇನು ಬೇಕು ನಿಮಗೆ ಎಂದು ಕೇಳಿದರೆ ಸೆವಸ್ತಿ ಮೆಟ್ಟಿಲ ಕಡೆ ತಿರುಗುತ್ತಾರೆ.

"ಗುರುವಾರ ಹಡಗು ಬಂದಾಗ ಆ ಕಲ್ಲು ಒಣಗಿದ್ರೆ ಸಾಕು. ಆ ಪಾಲು ಪಂತೆಲಿಸ್‌ಗೆ ಅಂತ ಇಟ್ಟಿದೀನಿ. ದಪ್ಪಗೆ ಕೊಯ್ದಿದೀನಿ, ಮೂರು ಬೆರಳಿಗೆ ಸರಿಯಾಗಿ ಸಿಗೋ ಹಾಗೆ."